ಹತ್ತರಲ್ಲಿ ಒಬ್ಬರನ್ನು ಆರಿಸಿಕೊಟ್ಟ ಒಂಬತ್ತು ಜನರ ಪರವಾಗಿ

ಮಾನ್ಯ ವ್ಯವಸ್ಥಾಪಕರೇ,

ತಾವು ಮೇಲ್ಮಹಡಿಯ ಗಾಜಿನ ಕೋಣೆಯಲ್ಲಿ ತಂಪಾಗಿ, ಕ್ಷೇಮವಾಗಿ ಇದ್ದೀರೆಂದು ನಂಬಿ, ಕೆಳಗಿನ ಲಾಂಡ್ರಿಯಲ್ಲಿ ಆಸ್ಪತ್ರೆಗಳ ಹರಿದ ಹಾಸುಗಳಿಗೆ ತೇಪೆ ಹಾಕುವ ನಾನು, ಹದಿನಾಲ್ಕು ವರ್ಷಗಳ ಸೇವೆಯಲ್ಲಿ ಮೊದಲ ಸಲ ತಮಗೆ ಪತ್ರ ಬರೆಯುವ ಸಾಹಸಕ್ಕೆ ಕೈ ಹಾಕಿದ್ದೇನೆ. ತಮ್ಮ ಸುತ್ತೋಲೆಗಳೆಲ್ಲ ಕೈ ತೊಳೆಯುವ ನಲ್ಲಿಯ ಮೇಲಿನ ಫಲಕದಲ್ಲೇ ಬರುವುದರಿಂದ, ಗೌರವದಲ್ಲಿ ಕಡಿಮೆಯಾಗಬಾರದೆಂದು ಇದರ ಒಂದು ಪ್ರತಿಯನ್ನು ಅಲ್ಲಿಯೇ ಅಂಟಿಸಿದ್ದೇನೆ.

ಮೊದಲಿಗೆ ಕೃತಜ್ಞತೆ. ತಾವು ಅಧಿಕಾರ ವಹಿಸಿಕೊಂಡ ದಿನ, ಮಗುಚಿ ಹಾಕಿದ ಸೋಪಿನ ಡ್ರಮ್ಮಿನ ಮೇಲೆ ನಿಂತು, ಈ ವರ್ಷ ನಾವು ಅದಕ್ಷತೆಯನ್ನು ‘ಡೆಸಿಮೇಟ್’ ಮಾಡೋಣ ಎಂದು ಕರೆ ಕೊಟ್ಟಿರಿ. ನಾವು ಹತ್ತೂ ಜನ ಚಪ್ಪಾಳೆ ತಟ್ಟಿದೆವು. ನಮ್ಮ ಬಾಯ್ಲರಿನವರು ಅದನ್ನು ಹೊಸ ಬ್ಲೀಚಿಂಗ್ ಪೌಡರ್ ಎಂದು ತಿಳಿದು, “ಎಲ್ರೂ ಗ್ಲೌಸ್ ಹಾಕ್ಕೊಳ್ಳಿ, ಕೈ ಸುಟ್ಟೀತು” ಎಂದು ಎಚ್ಚರಿಸಿದರು. ನನಗೋ ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಅನ್ನ ಸೇರುವುದಿಲ್ಲ. ಚಾಕ್‌ಪೀಸಿನಿಂದ ಸೆರಗಿನ ಅಂಚಿನಲ್ಲಿ ಬರೆದುಕೊಂಡು, ಅಚ್ಚುಕೂಟದಲ್ಲಿ ಕರಡು ತಿದ್ದುವ ನನ್ನ ಭಾವನವರ ಮನೆಗೆ ಹೋದೆ.

ಭಾವ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ದಪ್ಪ ನಿಘಂಟು ತೆರೆದರು. ಅದರ ಬೇರು ಲ್ಯಾಟಿನ್ನಿನಲ್ಲಿದೆಯಂತೆ, ‘ಹತ್ತನೆಯದು’ ಎಂಬ ಅರ್ಥವಂತೆ, ನಾವು ಶಾಲೆಯಲ್ಲಿ ಕಲಿತ ದಶಮಾಂಶಕ್ಕೂ ದೂರದ ನೆಂಟಸ್ತಿಕೆ ಇದೆಯಂತೆ. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. “ಯುದ್ಧದಲ್ಲಿ ಹೆದರಿ ಓಡಿದ ದಳಕ್ಕೆ ರೋಮನ್ನರು ಕೊಡ್ತಿದ್ದ ಶಿಕ್ಷೆ ನೋಡಮ್ಮ ಇದು. ಹತ್ತತ್ತು ಜನರ ಗುಂಪು ಮಾಡೋದು, ಚೀಟಿ ಎತ್ತಿಸೋದು. ಯಾರಿಗೆ ಬಂತೋ ಅವನು ಸಾಯಬೇಕು” ಎಂದರು. ಕೊಲ್ಲುತ್ತಿದ್ದವರು ಯಾರು ಎಂದು ಕೇಳಿದೆ. “ಉಳಿದ ಒಂಬತ್ತು ಜನ. ದೊಣ್ಣೆಯಲ್ಲಿ, ಕಲ್ಲಲ್ಲಿ. ಆಮೇಲೆ ಆ ಒಂಬತ್ತು ಜನಕ್ಕೆ ಗೋಧಿ ನಿಲ್ಲಿಸಿ ಬಾರ್ಲಿ ಕೊಡ್ತಿದ್ರು.” ಒಳಗಿನಿಂದ ಅಕ್ಕ, “ಊಟದ ಹೊತ್ತಲ್ಲಿ ಇದೇ ಸಿಕ್ತಾ ಮಾತಾಡೋಕೆ?” ಎಂದು ಗದರಿದ್ದರಿಂದ ಪಾಠ ಅಲ್ಲಿಗೆ ನಿಂತಿತು.

ತಾವು ಬಾಯಿತಪ್ಪಿ ಆಡಿದ ಮಾತೆಂದು ನಾನು ತಿಳಿದಿದ್ದೆ. ತಮ್ಮ ಭಾಷಾಜ್ಞಾನವನ್ನು ಕಡೆಗಣಿಸಿದ್ದಕ್ಕೆ ಕ್ಷಮೆ ಇರಲಿ. ಮೂರನೆಯ ವಾರಕ್ಕೆ ಹತ್ತು ಫಾರಂ ಬಂದವು. ‘ಈ ವಿಭಾಗಕ್ಕೆ ಅತಿ ಕಡಿಮೆ ಅಗತ್ಯವಿರುವ ಒಬ್ಬ ಸಹೋದ್ಯೋಗಿಯ ಹೆಸರು ಬರೆಯಿರಿ’ ಎಂಬ ಒಂದೇ ಪ್ರಶ್ನೆ, ಸಹಿ ಬೇಡ, ಬಾಗಿಲ ಬಳಿ ಬೀಗ ಹಾಕಿದ ಪೆಟ್ಟಿಗೆ. ಹೆಚ್ಚು ಸಲ ಹೆಸರು ಬಂದವರು ಶನಿವಾರದಿಂದ ಕೆಲಸಕ್ಕೆ ಬರಬೇಕಾಗಿಲ್ಲ. “ನಿರ್ಧಾರ ನಿಮ್ಮದೇ, ನಾವು ಬರೀ ಎಣಿಸೋರು” ಎಂದು ತಾವು ವಿನಯದಿಂದ ಹೇಳಿದಿರಿ. ರೋಮನ್ನರು ಪಾಪ, ಎಲ್ಲವನ್ನೂ ಅದೃಷ್ಟಕ್ಕೆ ಬಿಟ್ಟಿದ್ದರು. ತಾವು ಆ ಅನಾಗರಿಕತೆಯನ್ನು ತೆಗೆದು ಆಯ್ಕೆಯ ಸ್ವಾತಂತ್ರ್ಯ ಕೊಟ್ಟಿರಿ. ದೊಣ್ಣೆಗೆ ಬದಲು ತಲಾ ಒಂದು ಪೆನ್ನು ಕೊಟ್ಟಿರಿ, ಸಂಜೆ ಮರೆಯದೆ ವಾಪಸು ಪಡೆದಿರಿ.

ಈಗ ಮಡಿಕೆ ಮಾಮನ ವಿಷಯ. ತಮಗೆ ಅವರು ಮೇಜು ನಂಬರ್ ಏಳು ಇರಬಹುದು. ಇಪ್ಪತ್ತಾರು ವರ್ಷ ಹಾಸುಗಳನ್ನು ಮಡಿಸಿದವರು, ಅದಕ್ಕೇ ಆ ಹೆಸರು. ಬೇರೆಯವರು ನಾಲ್ಕು ಮಡಿಸುವ ಹೊತ್ತಿಗೆ ಅವರು ಮೂರು ಮಡಿಸುತ್ತಿದ್ದರು, ನಿಜ. ಆದರೆ ಅವರು ಮಡಿಸಿದ ಹಾಸನ್ನು ನರ್ಸ್ ಒಂದೇ ಕೈಯಲ್ಲಿ ಕೊಡವಿದರೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು, ಇನ್ನೊಂದು ಕೈ ರೋಗಿಯ ಬೆನ್ನಿಗೆ ಆಸರೆಯಾಗಿ ಉಳಿಯುತ್ತಿತ್ತು. ಹಾಗೆ ಮಡಿಸುವುದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೆಂಡತಿ ಎಂಟು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಂಚದ ಪಕ್ಕ ಕೂತು ನೋಡಿ ಕಲಿತದ್ದು.

ಇನ್ನೊಂದು ಸಂಗತಿಯನ್ನು ನಾನು ಇಲ್ಲಿಯವರೆಗೆ ಕಚೇರಿಯ ಗಮನಕ್ಕೆ ತಂದಿರಲಿಲ್ಲ. ನನ್ನ ಎಡಗಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಹೊಲಿಯುವವಳಿಗೆ ಅದು ಎಂಥ ವರವೆಂದು ತಾವೇ ಊಹಿಸಿಕೊಳ್ಳಬಹುದು. ಹೇಗೋ ಮಾಮನಿಗೆ ಗೊತ್ತಾಯಿತು. ಅಂದಿನಿಂದ ಅವರು ಪ್ರತಿದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ನನ್ನ ಹತ್ತು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ, ದಿಂಬಿಗೆ ಚುಚ್ಚಿಟ್ಟು, ಏನೂ ತಿಳಿಯದವರಂತೆ ತಮ್ಮ ಮೇಜಿಗೆ ಹೋಗುತ್ತಿದ್ದರು.

ಫಾರಂ ಕೈಗೆ ಬಂದ ದಿನ ನಾನು ಅವರ ಹೆಸರು ಬರೆದೆ. ಬಲವಂತ ಮಾಡಿದವರು ಯಾರೂ ಇಲ್ಲ. ಬೇರೆಯವರು ನನ್ನ ಕಣ್ಣಿನ ವಿಷಯ ತಿಳಿದು ನನ್ನ ಹೆಸರು ಬರೆಯುವ ಮೊದಲು ಬೇರೆ ಯಾರದಾದರೂ ಹೆಸರು ತೀರ್ಮಾನವಾಗಿಹೋಗಲಿ ಎಂಬ ಅವಸರ ನನ್ನದು. ಅವರ ಹೆಸರು ಬಂದೇ ಬರುತ್ತದೆಂದು ಗೊತ್ತಿತ್ತು, ಬರುವ ಹೆಸರನ್ನೇ ಬರೆದರೆ ಪಾಪ ಹಂಚಿಹೋಗುತ್ತದೆಂದು ಅಂದುಕೊಂಡೆ.

ಶುಕ್ರವಾರ ತಾವು ಫಲಿತಾಂಶ ಓದಿದಿರಿ. ಮಾಮನಿಗೆ ಹತ್ತಕ್ಕೆ ಹತ್ತು. ಇಷ್ಟು ಒಗ್ಗಟ್ಟಿನ ವಿಭಾಗವನ್ನು ನೋಡಿಲ್ಲವೆಂದು ತಾವು ಮೆಚ್ಚುಗೆ ಸೂಚಿಸಿದಿರಿ. ಹತ್ತನೆಯ ಚೀಟಿ ಅವರದೇ ಎಂದು ಹೊಳೆಯಲು ನಮಗೆ ಅರ್ಧ ನಿಮಿಷ ಬೇಕಾಯಿತು. ಅವರು ಏಪ್ರನ್ ಬಿಚ್ಚಿ, ತಮ್ಮ ರೀತಿಯಲ್ಲೇ ಮಡಿಸಿ ಮೇಜಿನ ಮೇಲಿಟ್ಟು, “ಬರ್ತೀನಿ” ಎಂದು ಹೊರಟರು. ನಾವು ಒಂಬತ್ತು ಜನ ತಲೆ ಎತ್ತಲಿಲ್ಲ. ಮರುದಿನದಿಂದ ಊಟದ ಬೆಂಚು ಖಾಲಿ. ಒಬ್ಬೊಬ್ಬರೂ ಅವರವರ ಯಂತ್ರದ ಕಡೆ ಮುಖ ಮಾಡಿ ಡಬ್ಬಿ ಬಿಚ್ಚುತ್ತಿದ್ದೆವು. ತಾವು ಬಾರ್ಲಿಯ ವೆಚ್ಚವನ್ನೂ ಉಳಿಸಿದ್ದೀರಿ, ಮನೆಯಿಂದ ತಂದ ಅನ್ನಕ್ಕೇ ಆ ರುಚಿ ಬಂದಿತ್ತು.

ಎರಡು ವಾರ ಕಳೆದ ಮೇಲೆ ತಡೆಯಲಾರದೆ ಅವರ ಮನೆಗೆ ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ. ಕೂರುವ ಮೊದಲೇ, “ಮಾಮ, ನಾನೂ ನಿಮ್ಮ ಹೆಸರೇ ಬರೆದೆ” ಎಂದೆ.

“ಗೊತ್ತು” ಎಂದರು. ಪಾರದರ್ಶಕತೆಗಾಗಿ ತಾವು ಹತ್ತೂ ಚೀಟಿಗಳನ್ನು ಅವರ ಮುಂದೆ ಹರಡಿದ್ದಿರಂತೆ. “ಎಂಟು ಜನ ‘ಮಡಿಕೆ ಮಾಮ’ ಅಂತಲೇ ಬರೆದಿದ್ರು. ನನ್ನ ಹೆಸರೇನು ಅಂತ ಅವ್ರಿಗೆ ಗೊತ್ತಿಲ್ಲ, ಪಾಪ. ನಮ್ಮಪ್ಪನ ಹೆಸರಿನ ಸಮೇತ, ಒಂದು ಒತ್ತಕ್ಷರ ತಪ್ಪದ ಹಾಗೆ ಬರೆದೋಳು ನೀನೊಬ್ಬಳೇ. ನನ್ನ ಏಪ್ರನ್ನಿಗೆ ಹೆಸರು ಹೊಲಿದುಕೊಟ್ಟೋಳಲ್ವಾ.”

ಕೊಂಕು ನುಡಿಯುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇರಲಿಲ್ಲ. ಕೊಂಕಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಿಮ್ಮ ಹೆಸರನ್ನೇ ಯಾಕೆ ಬರೆದಿರಿ ಎಂದು ಕೇಳಿದೆ. “ಇನ್ಯಾರದು ಬರೀಲಿ? ಎಲ್ಲಾ ಗೊತ್ತಿರೋರೇ” ಎಂದರು. ಆಮೇಲೆ, “ಈಗ ಸೂಜಿಗೆ ದಾರ ಯಾರು ಹಾಕಿಕೊಡ್ತಾರೆ?” ಎಂದು ವಿಚಾರಿಸಿದರು.

ಮರುದಿನ ಊಟದ ಹೊತ್ತಿನಲ್ಲಿ ನಾನು ಎದ್ದು ನಿಂತು ನನ್ನ ಕಣ್ಣಿನ ವಿಷಯ, ಸೂಜಿಯ ವಿಷಯ, ಚೀಟಿಯ ವಿಷಯ ಎಲ್ಲವನ್ನೂ ಹೇಳಿದೆ. ಬಾಯ್ಲರಿನವರು, “ನಾನು ಬರೆದ ಮೇಲೆ ಕೈಗೆ ಸೋಪು ಹಾಕಿ ಮೂರು ಸಲ ಉಜ್ಜಿದೆ” ಎಂದರು. ಇಸ್ತ್ರಿಯ ಅಕ್ಕ ತಮ್ಮ ಡಬ್ಬಿ ಎತ್ತಿಕೊಂಡು ಬಂದು ಬೆಂಚಿನ ಮೇಲೆ ಕೂತರು. ಒಬ್ಬೊಬ್ಬರೇ ಬಂದರು. ಈಗ ನನ್ನ ಸೂಜಿಗೆ ದಾರ ಹಾಕಿಕೊಡುವವರು ಆ ಇಸ್ತ್ರಿಯ ಅಕ್ಕನೇ.

ಹೀಗಿರುವಾಗ ತಮ್ಮ ಎರಡನೆಯ ಫಾರಂ ಬಂತು. ನಾವು ಒಂಬತ್ತು ಜನ ಒಂದೇ ಬೆಂಚಿನಲ್ಲಿ ಕೂತು, ಒಬ್ಬೊಬ್ಬರೂ ಅವರವರ ಹೆಸರನ್ನೇ ಪೂರ್ತಿಯಾಗಿ ಬರೆದು, ಕೇಳದಿದ್ದರೂ ಸಹಿ ಹಾಕಿ ಪೆಟ್ಟಿಗೆಗೆ ಹಾಕಿದೆವು. ‘ಸ್ಪಷ್ಟ ಬಹುಮತ ಬಾರದ ಕಾರಣ’ ತಾವು ಮೂರನೆಯ ಫಾರಂ ಕಳುಹಿಸಿ, ಸ್ವಂತ ಹೆಸರು ಬರೆಯುವಂತಿಲ್ಲವೆಂದು ತಿದ್ದುಪಡಿ ಮಾಡಿದಿರಿ. ಅದನ್ನು ಯಾರೂ ತುಂಬಿಲ್ಲ. ಗಡುವು ಮುಗಿದು ಎಂಟು ದಿನವಾಯಿತು. ಪೆಟ್ಟಿಗೆಯಲ್ಲಿ ಸದ್ಯಕ್ಕೆ, ರೋಗಿಗಳ ಅಂಗಿಗಳಿಂದ ಉದುರಿದ ಗುಂಡಿಗಳನ್ನು ಹಾಕುತ್ತಿದ್ದೇವೆ.

ಆದ್ದರಿಂದ ವಿನಮ್ರ ಬೇಡಿಕೆಗಳು. ಒಂಬತ್ತರಲ್ಲಿ ಹತ್ತನೆಯ ಒಂದು ಪಾಲು ಎಂದರೆ ಒಬ್ಬ ಮನುಷ್ಯನಿಗೆ ಕೊಂಚ ಕಡಿಮೆ. ಆ ಕೊಂಚವನ್ನು, ಅಂದರೆ ಒಂದು ಕೈಯನ್ನೋ ಕಿವಿಯನ್ನೋ ಕೆಲಸದಲ್ಲಿ ಉಳಿಸಿಕೊಳ್ಳುವ ಏರ್ಪಾಡು ಮಾಡಬೇಕು. ಅದು ಕಷ್ಟವಾದರೆ ತಾವೇ ಕೆಳಗೆ ಬಂದು, ನಮ್ಮ ಮುಖ ನೋಡಿ, ತಮ್ಮ ಬಾಯಿಂದಲೇ ಒಬ್ಬರ ಹೆಸರು ಹೇಳಬೇಕು. ಮಾಮನನ್ನು ಮರಳಿ ಕರೆಯಬೇಕೆಂದೂ ಕೇಳುತ್ತಿದ್ದೆ. ಆದರೆ ಭಾವನವರ ಅಚ್ಚುಕೂಟದಲ್ಲಿ ಹಾಳೆ ಮಡಿಸಲು ಅವರನ್ನು ಸೋಮವಾರದಿಂದ ಸೇರಿಸಿಕೊಂಡಿದ್ದಾರೆ, ಅಲ್ಲಿ ಅವರನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ತಾವು ಕರೆದರೂ ಬರಲಾರರು. ಕ್ಷಮೆ ಕೇಳಲು ವಿಳಾಸ ಬೇಕಿದ್ದರೆ ಕೊಡುತ್ತೇನೆ.

ಮುಂದಿನ ಬುಧವಾರ ನನ್ನ ಕಣ್ಣಿನ ಶಸ್ತ್ರಚಿಕಿತ್ಸೆ. ಹತ್ತು ದಿನದ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಅಲ್ಲಿಯ ಮಂಚಕ್ಕೆ ಹಾಸುವುದು ನಮ್ಮ ಲಾಂಡ್ರಿಯ ಹಾಸನ್ನೇ. ಯಾವ ಕೈ ಮಡಿಸಿದ್ದೆಂದು ಒಂದೇ ಕಣ್ಣಿನಲ್ಲೂ ಹೇಳಬಲ್ಲೆ.

ತಮ್ಮ ವಿಶ್ವಾಸಿ,
ತೇಪೆ ಹಾಕುವವಳು

ಮರೆತ ಮಾತು: ನಿನ್ನೆ ಭಾವ ನಿಘಂಟಿನ ಕೆಳಗಿನ ಸಾಲು ತೋರಿಸಿದರು. ಈಗಿನವರು ಆ ಪದವನ್ನು ತಲೆಕೆಳಗು ಮಾಡಿ, ಹೆಚ್ಚುಪಾಲು ನಾಶಮಾಡಿ ಒಂದಿಷ್ಟು ಉಳಿಸುವುದಕ್ಕೂ ಬಳಸುತ್ತಾರಂತೆ. ತಾವು ಹೇಳಿದ್ದು ಹಳೆಯ ಅರ್ಥದಲ್ಲೋ ಹೊಸ ಅರ್ಥದಲ್ಲೋ ದಯವಿಟ್ಟು ಮುಂಚಿತವಾಗಿ ತಿಳಿಸಿ. ಹೊಸ ಅರ್ಥದಲ್ಲಾದರೆ, ನಾಳೆಯಿಂದ ಆ ಸೋಪಿನ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ ಏಳು ಆಸ್ಪತ್ರೆಗಳ ಹಾಸುಗಳನ್ನು ತಾವೇ ಒಗೆಯಬೇಕಾದೀತು. ಬಿಸಿನೀರಿನ ಹಿಡಿ ಎಡಕ್ಕೆ ತಿರುಗುತ್ತದೆ.