ಹೊಸ್ತಿಲು ಇಟ್ಟ ಬಡಗಿ

ಕನಸು ಕಾಣುವವನ ಕೈಗೆ ಉಳಿ ಕೊಡಬಾರದು. ಹೀಗೊಂದು ಗಾದೆ ನಮ್ಮಲ್ಲಿಲ್ಲ, ಇರಬೇಕಿತ್ತು. ಉಪ್ಪಿನಕಾಯಿಗೆ, ಅತ್ತೆ ಸೊಸೆಯರಿಗೆ, ಕತ್ತೆಗೆ, ಕಸ್ತೂರಿಗೆ, ಎಲ್ಲಕ್ಕೂ ಗಾದೆ ಮಾಡಿಟ್ಟ ನಮ್ಮ ಹಿರಿಯರು, ಮುಂದೊಬ್ಬನು ಹಗಲುಗನಸಿನ ರೋಗವನ್ನು ಧಾರವಾಡದಿಂದ ಲಂಡನ್ನಿಗೆ ಹೊತ್ತು ತಂದು ನಡುವಯಸ್ಸಿನಲ್ಲಿ ಬಡಗಿಯಾಗಲು ಹೊರಡುತ್ತಾನೆಂದು ಊಹಿಸಿರಲಿಕ್ಕಿಲ್ಲ. ನನ್ನ ರೋಗ ಅಪಾಯದ್ದಲ್ಲ. ಬಸ್ಸಿನ ಕಿಟಕಿಯ ಮೇಲೆ ಒಂದು ಮಳೆಹನಿ ಇಳಿಯುವುದನ್ನು ನೋಡುತ್ತ ಕೂತರೆ ನನ್ನ ಸ್ಟಾಪು ಹಿಂದೆ ಹೋಗಿರುತ್ತದೆ. ಇಳಿದು ನಡೆದು ಬರುವಾಗ ಯಾರದೋ ಮನೆಯ ಬೇಲಿಯ ಮೇಲಿನ ಬೆಕ್ಕನ್ನು ನೋಡುತ್ತೇನೆ, ಆಮೇಲೆ ಇನ್ನೊಂದು ಬೀದಿಗೆ ಹೋಗಿರುತ್ತೇನೆ. ಕೊನೆಗೆ ಮನೆ ಸೇರುತ್ತೇನೆ, ಅದರಲ್ಲಿ ಇದುವರೆಗೆ ತಪ್ಪಿಲ್ಲ.

ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಕುಳಿತು ಯಾವ ಲಾರಿ ಎಲ್ಲಿಗೆ ಹೊರಟಿತು ಎಂದು ಕಂಪ್ಯೂಟರಿನಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ಕನಸುಗಾರರಿಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಲಾರಿ ಹೋಗುತ್ತದೆ, ಮನಸ್ಸೂ ಅದರ ಹಿಂದೆ ಹೋಗುತ್ತದೆ, ಸಂಜೆ ಎರಡೂ ಹಿಂತಿರುಗುತ್ತವೆ. ಹೀಗಿರುವಾಗ ಗೋದಾಮನ್ನೇ ಉತ್ತರದ ಯಾವುದೋ ದೂರದ ಊರಿಗೆ ಒಯ್ಯುವುದೆಂದು ಮಾಲೀಕರು ತೀರ್ಮಾನಿಸಿದರು. ಬರುವವರು ಬರಬಹುದು, ಉಳಿದವರಿಗೆ ನಮಸ್ಕಾರ. ನನ್ನ ಹೆಂಡತಿ ಗಿರಿಜಾಗೆ ಇಲ್ಲಿಯದೇ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮಗಳು ಅನಘಾಳಿಗೆ ಪರೀಕ್ಷೆಯ ವರ್ಷ. ಹಾಗಾಗಿ ಗೋದಾಮಿಗೆ ಬೀಗ ಬೀಳುವುದರೊಳಗೆ ನಾನು ಬೇರೆ ದಾರಿ ಹುಡುಕಲೇಬೇಕಾಯಿತು.

ದಾರಿ ತೋರಿಸಿದವನು ಲ್ಯಾನ್ಸಿ. ಉಡುಪಿ ಕಡೆಯವನು, ಫೆಲ್ಥಮ್‌ನಲ್ಲಿ ಮನೆ, ವಿಮಾನಕ್ಕೆ ಸೂಟ್‌ಕೇಸು ಏರಿಸುವ ಕೆಲಸ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಕಾಗದದ ತಟ್ಟೆ ಹಿಡಿದು ನಿಂತು, ತಾನು ಶನಿವಾರ ಶನಿವಾರ ಕಾಲೇಜಿಗೆ ಹೋಗಿ ಕಮರ್ಷಿಯಲ್ ಕಾರ್ಪೆಂಟರ್ ಕೆಲಸ ಕಲಿಯಲು ಹೊರಟಿರುವುದಾಗಿ ಹೇಳಿದ. "ಈ ಊರಲ್ಲಿ ಕಟ್ಟುವುದು ನಿಲ್ಲುವುದುಂಟಾ ಮಾರಾಯ್ರೆ? ನೀವೂ ಬನ್ನಿ," ಎಂದ. ಅವನ ಪರಿಚಯದ ಒಂದು ಕಂಪನಿ ಇತ್ತಂತೆ. ಅಂಗಡಿ, ಆಫೀಸುಗಳ ಒಳಗಿನ ಮರಗೆಲಸ ಮಾಡುವವರು. ಕೊನೆಯ ಪರೀಕ್ಷೆ ಮುಗಿದು, ಟೀಚರು ಸಹಿ ಹಾಕಿದರೆ ನಮ್ಮಿಬ್ಬರನ್ನೂ ತೆಗೆದುಕೊಳ್ಳುತ್ತಾರಂತೆ. ನನಗೆ ಕೈಯಲ್ಲಿದ್ದ ಹೋಳಿಗೆಯಲ್ಲೇ ಮರದ ಗೆರೆಗಳು ಕಾಣತೊಡಗಿದವು.

ಮನೆಗೆ ಬಂದು ವಿಷಯ ಹೇಳಿದೆ. ಗಿರಿಜಾ ವಿಜಯಪುರದವಳು, ಮಾತನ್ನು ಸುತ್ತಿ ಬಳಸಿ ಆಡುವವಳಲ್ಲ. "ಗ್ವಾಡಿಗೆ ಒಂದು ಮೊಳಿ ಹೊಡೀರಿ ಅಂದ್ರ ವರ್ಷಗಟ್ಟಲೆ ವಿಚಾರ ಮಾಡ್ತೀರಿ. ನೀವು ಬಡಿಗ್ಯಾ ಆಗ್ತೀರೇನ್ರಿ?" ಎಂದಳು. ಅನಘಾ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಅಪ್ಪನ ಎಲ್ಲ ಬೆರಳುಗಳ ಫೋಟೋ ಈಗಲೇ ತೆಗೆದಿಟ್ಟುಕೊಳ್ಳೋಣ ಎಂದಳು.

ಬಡಗಿ ಎಂದಕೂಡಲೇ ನನ್ನ ಕಣ್ಣಿಗೆ ಬಂದದ್ದು ಕೆತ್ತನೆಯ ಕಂಬ, ತೂಗುಮಂಚ, ತೊಟ್ಟಿಲು. ಮೊದಲ ಶನಿವಾರವೇ ನಮ್ಮ ಟೀಚರು ಮೌರೀನ್ ಅವನ್ನೆಲ್ಲ ಗುಡಿಸಿ ಹಾಕಿದಳು. ನರೆಗೂದಲಿನ ಗಟ್ಟಿ ಹೆಂಗಸು, ಅತ್ತೆ ಬೀಗದ ಕೈ ಸಿಕ್ಕಿಸಿಕೊಂಡ ಹಾಗೆ ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡಿರುತ್ತಿದ್ದಳು. ಇಲ್ಲಿ ಯಾರೂ ತೊಟ್ಟಿಲು ಮಾಡುವುದಿಲ್ಲ, ಆಸ್ಪತ್ರೆಗೆ, ಶಾಲೆಗೆ, ಆಫೀಸಿಗೆ ಗೋಡೆ, ಛಾವಣಿ, ಬಾಗಿಲು ಕೂರಿಸುತ್ತೇವೆ, ಎಂದಳು. ಅದಕ್ಕೆ ಬೇಕಾದದ್ದೇನು ಎಂದು ಲ್ಯಾನ್ಸಿ ಕೇಳಿದ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರಬೇಕು, ನಕ್ಷೆ ಓದಲು ಬರಬೇಕು, ಕೂಡಿ ಕಳೆಯುವ ಲೆಕ್ಕ ಬರಬೇಕು, ಉಳಿ ಹರಿತವಾಗಿರಬೇಕು, ಭಾರ ಎತ್ತುವಾಗ ಬೆನ್ನಿಗಿಂತ ಮೊಣಕಾಲನ್ನು ನಂಬಬೇಕು, ಗೊತ್ತಿಲ್ಲದ್ದನ್ನು ಕತ್ತರಿಸುವ ಮೊದಲು ಕೇಳಬೇಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಎಚ್ಚರವಾಗಿರಬೇಕು, ಎಂದಳು. ಕೊನೆಯದನ್ನು ಹೇಳುವಾಗ ಯಾಕೋ ನನ್ನನ್ನೇ ನೋಡಿದಳು. ನಾನು ಆಗ ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಮರದ ಹೊಟ್ಟು ತೇಲುವುದನ್ನು ನೋಡುತ್ತಿದ್ದೆ.

ಏನೇ ಹೇಳಿ, ಆ ಕೋಣೆ ನನಗೆ ಹಿಡಿಸಿತು. ಉಜ್ಜುಗೊರಡನ್ನು ಮರದ ಮೇಲೆ ನೂಕಿದರೆ ಸುರುಳಿ ಸುರುಳಿಯಾಗಿ ತೆಳ್ಳಗಿನ ಸಿಪ್ಪೆ ಏಳುತ್ತದೆ, ಬೆಳಕಿಗೆ ಹಿಡಿದರೆ ಆಚೆಯದು ಜೇನಿನ ಬಣ್ಣದಲ್ಲಿ ಕಾಣುತ್ತದೆ. ಹೊಸ ಪೈನ್ ಮರದ ವಾಸನೆ ಮೂಗಿಗೆ ಏರಿದರೆ ಅರ್ಧ ಗಂಟೆ ನಾನು ಈ ಲೋಕದಲ್ಲಿರುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ. ಲಂಡನ್ನಿನಲ್ಲಿ ಬಡಗಿಯ ಮೊದಲ ಕೆಲಸವೇ ರಸಮಟ್ಟ ಇಟ್ಟು ನೆಲ ಡೊಂಕೆಂದು ಸಾಬೀತು ಮಾಡುವುದು. ಆ ಗಾದೆಯ ಹೆಂಗಸಿಗೆ ಅನ್ಯಾಯವಾಗಿದೆ ಎಂದು ನನಗೆ ಬಹಳ ಬೇಸರವಾಯಿತು. ಅವಳ ಕೈಯಲ್ಲಿ ಒಂದು ರಸಮಟ್ಟ ಇದ್ದಿದ್ದರೆ ಕತೆಯೇ ಬೇರೆಯಾಗುತ್ತಿತ್ತಲ್ಲ ಎಂದು ಯೋಚಿಸುತ್ತ ನಾನು ಒಂದು ಹಲಗೆಯನ್ನು ಗಿಡ್ಡ ಕತ್ತರಿಸಿದೆ. ಲ್ಯಾನ್ಸಿಯೂ ನಾನೂ ಸೇರಿ ದೊಡ್ಡ ಹಲಗೆ ಹೊತ್ತರೆ ಎತ್ತು ಏರಿಗೆ, ಕೋಣ ನೀರಿಗೆ. ಅವನು ಬಾಗಿಲ ಕಡೆ ಹೊರಟರೆ ನಾನು ಕಿಟಕಿಯ ಕಡೆ ನಡೆದಿರುತ್ತಿದ್ದೆ.

ಕೊನೆಯ ಪರೀಕ್ಷೆಯ ಶನಿವಾರ ಬಂತು. ಆ ವಾರವೇ ಗೋದಾಮಿನಲ್ಲಿ ನನ್ನ ಮೇಜು ಬಿಟ್ಟು ಉಳಿದೆಲ್ಲವನ್ನೂ ಲಾರಿಗೆ ಏರಿಸಿದ್ದರು. ಪರೀಕ್ಷೆ ಒಂದೇ. ಒಂದು ತೆರವಿಗೆ ಚೌಕಟ್ಟು ಮಾಡಿ, ಬೆಂಕಿ ತಡೆಯುವ ದಪ್ಪ ಬಾಗಿಲನ್ನು ಬಿಜಾಗರಿ ಹಾಕಿ ನಿಲ್ಲಿಸಬೇಕು. ಸುತ್ತಲೂ ಕೂದಲೆಳೆಯಷ್ಟೇ ಸಂದು ಇರಬೇಕು, ಹೊಗೆ ಆಚೆ ಹೋಗಬಾರದು. ಹೊಗೆಯ ವಿಷಯ ನನಗೆ ಹೊಸದಲ್ಲ. ನಮ್ಮ ಫ್ಲ್ಯಾಟಿನ ಅಲಾರಂ, ಗಿರಿಜಾ ಒಗ್ಗರಣೆ ಹಾಕಿದಾಗಲೆಲ್ಲ ಇಡೀ ಕಟ್ಟಡವನ್ನು ಎಬ್ಬಿಸುತ್ತದೆ. ಆದ್ದರಿಂದ ಭಕ್ತಿಯಿಂದಲೇ ಕೆಲಸಕ್ಕೆ ಇಳಿದೆ. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ. ಮೂಲೆಮಟ್ಟ ಇಟ್ಟು ನೋಡಿದೆ, ಮೂಲೆಗಳು ನೇರ. ಕೈ ಇಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಹೊರಗೆ ಸಣ್ಣ ಮಳೆ, ಒಳಗೆ ಮರದ ವಾಸನೆ. ಧಾರವಾಡದ ಮನೆಯ ಬಾಗಿಲು ನೆನಪಾಯಿತು. ಶುಕ್ರವಾರ ಅವ್ವ ಹೊಸ್ತಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅರಿಶಿನ ಬಳಿಯುತ್ತಿದ್ದಳು. ಅದರ ಮೇಲೆ ಕೂತರೆ ಬೈಗುಳ, ನಿಂತು ಸೀನಿದರೆ ಎರಡು ಬೈಗುಳ, ಅದರ ಆಚೆಯಿಂದ ಈಚೆಗೆ ಏನನ್ನಾದರೂ ಕೊಟ್ಟರೆ ಅಜ್ಜಿಯೂ ಬಂದು ಸೇರಿಕೊಳ್ಳುತ್ತಿದ್ದಳು. ಅರಿಶಿನದ ಆ ತಣ್ಣನೆ ವಾಸನೆ ಪಶ್ಚಿಮ ಲಂಡನ್ನಿನ ಆ ಕೋಣೆಗೂ ಬಂದಂತಾಯಿತು.

ಎಚ್ಚರವಾದಾಗ ನನ್ನ ಚೌಕಟ್ಟಿಗೆ ಮೂರರ ಬದಲು ನಾಲ್ಕು ಪಟ್ಟಿಗಳಿದ್ದವು. ಕೆಳಗೆ ದಪ್ಪನಾದ, ಅಂಚು ದುಂಡಗೆ ಮಾಡಿ ನುಣ್ಣಗೆ ತಿಕ್ಕಿದ ಹೊಸ್ತಿಲು. ಎಚ್ಚರ ಎಂದೆನಲ್ಲ, ಅದೂ ಪೂರ್ತಿ ಎಚ್ಚರವಲ್ಲ. ಯಾಕೆಂದರೆ ಬಾಗಿಲು ನಿಲ್ಲಿಸಲು ಹೋದರೆ ಅದು ಉದ್ದವಾಯಿತು. ತಲೆಯಿದ್ದವನು ಅಲ್ಲಿ ನಿಂತು, ಅಳತೆ ಮಾಡಿಸಿ ತಂದ ಬಾಗಿಲು ಹೇಗೆ ಉದ್ದವಾಯಿತು ಎಂದು ಕೇಳಿಕೊಳ್ಳುತ್ತಿದ್ದ. ನಾನು ಬಾಗಿಲಿನ ಕೆಳಭಾಗವನ್ನೇ ಹೊಸ್ತಿಲಿನಷ್ಟು ಕತ್ತರಿಸಿದೆ. ಎಷ್ಟು ಚಂದ ಕೂತಿತೆಂದರೆ, ಬಲಗಾಲು ಮುಂದಿಟ್ಟು ಅದನ್ನು ದಾಟಿ ಒಳಗೆ ಹೋಗಿ ನಿಂತೆ. ಲ್ಯಾನ್ಸಿ ಪಕ್ಕದ ತೆರವಿನಿಂದ ಇಣುಕಿ ನೋಡಿದ. ಅವನ ಮುಖ ಬಿಳುಚಿತು. "ಎಂತ ಮಾಡಿದ್ರಿ ಮಾರಾಯ್ರೆ," ಎಂದು ಮೆಲ್ಲಗೆ ಅಂದ.

ಮೌರೀನ್ ಬಾಗಿಲು ಪರೀಕ್ಷಿಸುವ ಕ್ರಮ ಎಲ್ಲರಿಗೂ ಗೊತ್ತಿತ್ತು, ಆದರೆ ನನಗೆ ಹೊತ್ತಿಗೆ ನೆನಪಾಗಲಿಲ್ಲ. ಚಹಾದ ತಳ್ಳುಗಾಡಿಯನ್ನು ಬಾಗಿಲಿನ ಮೂಲಕ ತಳ್ಳಿಕೊಂಡು ಬರುತ್ತಾಳೆ. ಬಂದಳು. ಗಾಡಿ ನನ್ನ ಹೊಸ್ತಿಲಿಗೆ ಬಡಿದು ನಿಂತಿತು, ಕಪ್ಪುಗಳು ನಿಲ್ಲಲಿಲ್ಲ. ಇದು ಏನು ಎಂದು ಕೇಳಿದಳು. ನಾನು ವಿವರಿಸಿದೆ. ನಮ್ಮಲ್ಲಿ ಬಾಗಿಲೆಂದರೆ ನಾಲ್ಕು ಪಟ್ಟಿ, ಕೆಳಗಿನದರ ಮೇಲೆ ಲಕ್ಷ್ಮಿ ಬಂದು ನಿಂತು, ಈ ಮನೆಯೊಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಾಳೆ, ಅಂದೆ. ಅವಳು ನಗಲಿಲ್ಲ. ಕೆಳಗೆ ಕೂತು ಹೊಸ್ತಿಲಿನ ಅಂಚಿನ ಮೇಲೆ ಬೆರಳಾಡಿಸಿ, ಕೆಲಸ ಚೆನ್ನಾಗಿದೆ, ಎಂದಳು. ಆಮೇಲೆ, "ಇದು ಆಸ್ಪತ್ರೆಯ ಬಾಗಿಲು. ರೋಗಿಯ ಮಂಚ ಓಡಿಸಿಕೊಂಡು ಬಂದಾಗ ನಿನ್ನ ದೇವಿ ಎಲ್ಲಿ ನಿಲ್ಲುತ್ತಾಳೆ?" ಎಂದು ಕೇಳಿದಳು. ತೆಗೆದುಬಿಡುತ್ತೇನೆ ಎಂದೆ. ತೆಗೆದು ನೋಡು ಎಂದಳು. ತೆಗೆದರೆ ಕತ್ತರಿಸಿದ ಬಾಗಿಲಿನ ಕೆಳಗೆ ಬೆಕ್ಕು ನುಸುಳುವಷ್ಟು ಜಾಗ. ಹೊಸ್ತಿಲು ಇದ್ದರೆ ಮಂಚ ಹೋಗುವುದಿಲ್ಲ, ಇಲ್ಲದಿದ್ದರೆ ಹೊಗೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಫೇಲಾದೆ. ಲ್ಯಾನ್ಸಿ ಪಾಸಾದ. ಉಗ್ರಾಣದಲ್ಲಿ ಇನ್ನೊಂದೇ ಬಾಗಿಲು ಉಳಿದಿದೆ, ಮುಂದಿನ ಶನಿವಾರ ಅದನ್ನು ಕೊಡುತ್ತೇನೆ, ಅದೂ ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ, ಎಂದಳು ಮೌರೀನ್.

ಕಿತ್ತ ಹೊಸ್ತಿಲನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಕೋಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಆ ದಿನ ಸ್ಟಾಪು ತಪ್ಪಲಿಲ್ಲ. ಹೆದರಿಕೆಯಲ್ಲಿ ಕನಸು ಬೀಳುವುದಿಲ್ಲವೆಂದು ಅಂದು ಗೊತ್ತಾಯಿತು. ಗಿರಿಜಾಳ ಮುಂದೆ ಎಲ್ಲವನ್ನೂ ಹೇಳಿ ತಲೆತಗ್ಗಿಸಿ ನಿಂತೆ. ಅವಳು ಹೊಸ್ತಿಲನ್ನು ಎತ್ತಿಕೊಂಡು ಮುಂಬಾಗಿಲಿಗೆ ಇಟ್ಟಳು. ಇಟ್ಟಮೇಲೆ ಬಾಗಿಲು ತೆರೆಯಲಿಲ್ಲ. ಇಲ್ಲಿಯ ಬಾಗಿಲುಗಳು ನೆಲ ಸವರಿಕೊಂಡು ಒಳಕ್ಕೆ ತೆರೆಯುವಂಥವು, ಲಕ್ಷ್ಮಿಯ ಮಾತಿರಲಿ, ನಾವೇ ಹೊರಗೆ ಹೋಗುವಂತಿರಲಿಲ್ಲ. ಕೊನೆಗೆ ದೇವರ ಗೂಡು ಇರುವ ಅಡುಗೆಮನೆಯ ತೆರವಿಗೆ ತಂದಿಟ್ಟಳು. ಅಲ್ಲಿ ಕದವಿಲ್ಲ. ಹೊಸ್ತಿಲು ಎರಡೂ ಗೋಡೆಗೆ ತಾಗಿ, ಅಳೆದು ಮಾಡಿಸಿದ ಹಾಗೆ ಕೂತಿತು. ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ, ಎರಡೂ ಕಡೆ ಅಂಟುವ ಟೇಪು ಹಾಕಿದೆವು. ಗಿರಿಜಾ ಒದ್ದೆ ಬಟ್ಟೆಯಿಂದ ಒರೆಸಿ, ಅರಿಶಿನ ಬಳಿದು, ಕುಂಕುಮವಿಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳು.

"ಇಷ್ಟ ವರ್ಷ ಆತು ಈ ದೇಶಕ್ಕ ಬಂದು," ಎಂದಳು, "ಇವತ್ತ ನೋಡ್ರಿ ಇದು ಮನಿ ಅನಿಸಿದ್ದು."

ಕನಸು ಕಾಣುವ ರೋಗ ನನಗೊಬ್ಬನಿಗೇ ಎಂದು ಇಷ್ಟು ದಿನ ತಿಳಿದಿದ್ದೆ. ಅನಘಾ ಕೋಣೆಯಿಂದ ಬಂದು ನಿಂತು ನೋಡಿ, ಇದು ಕಾಲಿಗೆ ತೊಡರುವ ವಸ್ತು, ಯಾರಾದರೂ ಬೀಳುತ್ತಾರೆ, ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿ ಅಡುಗೆಮನೆಯೊಳಗೆ ಹೋದಳು. ಹೋಗುವಾಗ ಮಾತ್ರ ಅದನ್ನು ತುಳಿಯದೆ ದಾಟಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಶನಿವಾರ ಲ್ಯಾನ್ಸಿ, ತನಗೆ ಪರೀಕ್ಷೆಯಿಲ್ಲದಿದ್ದರೂ, ಫೆಲ್ಥಮ್‌ನಿಂದ ಬಂದು ನನ್ನ ಪಕ್ಕದಲ್ಲಿ ಒಂದು ಕೋಲು ಹಿಡಿದು ನಿಂತ. ನನ್ನ ಕಣ್ಣು ಕಿಟಕಿಯ ಕಡೆ ಹೊರಳಿದರೆ ಮೇಜಿನ ಮೇಲೆ ಟಪ್ಪೆಂದು ಬಡಿಯುತ್ತಿದ್ದ. ಚಿಕ್ಕಂದಿನಲ್ಲಿ ಮಗ್ಗಿ ಕಲಿತದ್ದೂ ಹೀಗೆಯೇ. ಮೂರು ಪಟ್ಟಿಗಳು ಮೂರಾಗಿಯೇ ಉಳಿದವು. ಬಾಗಿಲು ನಿಂತಿತು, ಮೆಲ್ಲಗೆ ತಾನಾಗಿ ಮುಚ್ಚಿಕೊಂಡಿತು. ಮೌರೀನ್ ಗಾಡಿ ತಳ್ಳಿಕೊಂಡು ಬಂದಳು. ಒಂದು ಚಮಚ ಕೂಡ ಕಿಣಿಗುಟ್ಟಲಿಲ್ಲ. ಅವಳು ಸಹಿ ಹಾಕಿ, ದೇವಿ ಹೇಗಿದ್ದಾಳೆ ಎಂದು ಕೇಳಿದಳು. ಮನೆಗೆ ಬಂದಿದ್ದಾಳೆ ಎಂದೆ.

ಕಂಪನಿಯವರು ಕೊಲಿಂಡೇಲ್‌ನ ಹೊಸ ಕಟ್ಟಡವೊಂದರ ಕೆಲಸಕ್ಕೆ ನಮ್ಮಿಬ್ಬರನ್ನೂ ಕರೆದರು. ಮೊದಲ ದಿನ ಬೆಳಿಗ್ಗೆ ಗಿರಿಜಾ ಕೊಟ್ಟ ರೊಟ್ಟಿಯ ಡಬ್ಬಿ ಒಂದು ಕೈಯಲ್ಲಿ, ಹತಾರದ ಚೀಲ ಇನ್ನೊಂದರಲ್ಲಿ. ಇನ್ನು ಮುಂದೆ ಈ ಊರಿನಲ್ಲಿ ಜನ ನನ್ನ ಬಾಗಿಲುಗಳನ್ನು ತೆರೆದು ಒಳಗೆ ಹೋಗುತ್ತಾರೆ, ಕೆಲವರು ಒಂದು ಗಳಿಗೆ ನಿಂತು ಅದರ ಅಂಚು ಮುಟ್ಟಿ ನೋಡುತ್ತಾರೆ ಎಂದು ಯೋಚಿಸುತ್ತ ಅಡುಗೆಮನೆಯಿಂದ ಹೊರಟೆ. ಹೊಸ್ತಿಲು ಎಡವಿದೆ. ನಾನು ಒಂದು ಕಡೆ, ಚೀಲ ಒಂದು ಕಡೆ, ಶೇಂಗಾ ಚಟ್ನಿ ಎಲ್ಲ ಕಡೆ. ಅನಘಾ ತನ್ನ ಕೋಣೆಯ ಬಾಗಿಲು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡಳು.

ಕುಂಟುತ್ತ ಕೊಲಿಂಡೇಲ್ ತಲುಪಿದೆ. ಮೇಸ್ತ್ರಿ ನನ್ನ ಕಾಲು ನೋಡಿ ಏನಾಯಿತೆಂದು ವಿಚಾರಿಸಿದರು. ನಡೆಯುವ ದಾರಿಗೆ ಅಡ್ಡವಾಗಿ ಒಂದು ಮರದ ತುಂಡು ಇತ್ತು, ಎಡವಿದೆ, ಎಂದಷ್ಟೇ ಹೇಳಿದೆ. ಅವರಿಗೆ ನಿಜವಾಗಿ ಸಿಟ್ಟು ಬಂತು. ಬಾಗಿಲಲ್ಲಿ ಮರ ಅಡ್ಡ ಇಡುವ ಬಡಗಿ ಯಾರೇ ಆಗಲಿ, ಅಂಥವನನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳಬಾರದು, ಎಂದರು. ಪಕ್ಕದಲ್ಲಿದ್ದ ಲ್ಯಾನ್ಸಿ ಬೇರೆ ಕಡೆ ತಿರುಗಿದ. ನಾನು, ಹೌದು, ಅಂಥವರನ್ನು ಸೇರಿಸಲೇಬಾರದು ಎಂದು ಹೇಳಿ, ಕುಂಟುತ್ತ ಕೆಲಸಕ್ಕೆ ಸೇರಿಕೊಂಡೆ.