ತಾಳವಿಲ್ಲದ ಸಂಗೀತಕ್ಕೆ ನಾನು ಹಾಕಿದ ತಾಳ

ಸಂಗೀತ ಕೇಳುವಾಗ ತೊಡೆ ತಟ್ಟಿ ತಾಳ ಹಾಕುವುದು ಅಪರಾಧವಾದರೆ ನಾನು ಅಪರಾಧಿ, ಒಪ್ಪಿಕೊಳ್ಳುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ. ಮೈಸೂರಿನ ನಮ್ಮ ಮನೆಯವರು ಕಛೇರಿಗೆ ಹೋಗುವುದೆಂದರೆ ಮುಂದಿನ ಸಾಲು ಹಿಡಿದು, ಹಾಡುವವರಿಗಿಂತ ಮೊದಲೇ ಬಲಗೈ ಸಿದ್ಧ ಮಾಡಿಕೊಂಡು ಕೂರುವುದು. ಕೈಕಟ್ಟಿ ಕೂತವನನ್ನು ನಮ್ಮ ಸೋದರಮಾವ ‘ಇವನು ಕ್ಯಾಂಟೀನಿನ ವಡೆಗೆ ಬಂದವನು’ ಎನ್ನುತ್ತಿದ್ದರು. ಸ್ವೀಡನ್ನಿನ ಮಾಲ್ಮೋಗೆ ಬಂದು ಹನ್ನೊಂದು ವರ್ಷವಾಯಿತು. ಜೋರಾಗಿ ಮಾತಾಡುವುದನ್ನು ಬಿಟ್ಟಿದ್ದೇನೆ, ಹೇಳದೆ ಕೇಳದೆ ಇನ್ನೊಬ್ಬರ ಮನೆಗೆ ಹೋಗುವುದನ್ನೂ ಬಿಟ್ಟಿದ್ದೇನೆ. ತಾಳ ಬಿಟ್ಟಿಲ್ಲ.

ನಮ್ಮ ಮೇಲಿನ ಮನೆಯ ಎತಿಯೆನ್ ಫ್ರಾನ್ಸಿನವರು, ಸಂಗೀತ ರಚನೆಕಾರರು. ಪರಿಚಯವಾದದ್ದು ಕಟ್ಟಡದವರೆಲ್ಲ ಸರದಿಯಲ್ಲಿ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ. ಈ ದೇಶದಲ್ಲಿ ನೆರೆಯವರು ಬಾಯಿ ಬಿಡಬೇಕಾದರೆ ಇಬ್ಬರಿಗೂ ತಪ್ಪಿಸಿಕೊಂಡು ಓಡಲು ಆಗದಂಥ ಕೆಲಸವಿರಬೇಕು. ಪ್ಯಾರಿಸ್ಸಿನಲ್ಲಿ ಕಲಿಯುವಾಗಲೇ ‘ತಾಳ ಸಂಗೀತದ ಕಾಲಿಗೆ ಹಾಕಿದ ಬೇಡಿ’ ಎಂದು ಗುರುಗಳ ಜೊತೆ ಜಗಳವಾಡಿ ಹೊರಬಿದ್ದವರಂತೆ. ಸ್ವೀಡಿಷ್ ಹುಡುಗಿಯನ್ನು ಮದುವೆಯಾಗಿ ಇಲ್ಲಿಗೆ ಬಂದು, ಮಕ್ಕಳಿಗೆ ಪಿಯಾನೋ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ತಾಳದ ಸುಳಿವೇ ಇಲ್ಲದ ಸಂಗೀತವನ್ನು ಮೂವತ್ತು ವರ್ಷ ಬರೆದರು. ಕೂತು ಕೇಳಿದವರಿಗಿಂತ ಎದ್ದು ಹೋದವರೇ ಹೆಚ್ಚು. “ಹೋಗಲಿ ಬಿಡಿ. ನಾನು ಬರೆಯುವುದು ಕಿವಿಗೆ, ಅವರ ಕಾಲಿಗಲ್ಲ,” ಎಂದರು, ಒದ್ದೆ ಕಾಲುಚೀಲ ಹಿಂಡುತ್ತ. ಆ ಹಟ ನನಗೆ ತುಂಬಾ ಹಿಡಿಸಿತು. ಹಟದ ವಿಷಯದಲ್ಲಿ ನಾವಿಬ್ಬರೂ ಒಂದೇ ಊರಿನವರು.

ಹೋದ ನವೆಂಬರಿನಲ್ಲಿ ಅವರ ಹೊಸ ಕೃತಿಯ ಮೊದಲ ಪ್ರಯೋಗ, ಚರ್ಚಿನ ಸಭಾಂಗಣದಲ್ಲಿ. ನಾನೂ ನನ್ನ ಹೆಂಡತಿ ವಾಣಿಯೂ ಮುಂದಿನ ಸಾಲಿನಲ್ಲಿ ಕೂತೆವು. ನಾಲ್ಕು ಪಿಟೀಲುಗಳು ಎಳೆದವು, ನಿಂತವು, ಮತ್ತೆ ಎಳೆದವು. ತಾಳವಿಲ್ಲ ಎಂದು ಅವರು ಹೇಳಿದ್ದು ನೆನಪಿತ್ತು. ನಮ್ಮ ಆಲಾಪನೆಗೂ ತಾಳವಿಲ್ಲವಲ್ಲ, ಇದು ಪೀಠಿಕೆ, ಕೃತಿ ಈಗ ಬರುತ್ತದೆ, ತಾಳವೂ ಅದರ ಹಿಂದೆಯೇ ಬರುತ್ತದೆ ಎಂದು ಕಾದೆ. ಕಾಲು ಗಂಟೆ ಕಾದೆ. ಆಮೇಲೆ ಕೈಯೇ ಶುರು ಮಾಡಿತು, ಆದಿತಾಳ.

ಪಕ್ಕದ ಹೆಂಗಸು ಒಂದೇ ಬೆರಳಿನಿಂದ ನನ್ನ ಮಣಿಕಟ್ಟು ಮುಟ್ಟಿದರು. ಇಲ್ಲಿ ಅದು ಕಪಾಳಮೋಕ್ಷಕ್ಕೆ ಸಮ.

“ರೀ, ಕೈ ಮಡಚ್ಕೊಳ್ಳಿ. ಎಲ್ಲಾ ನೋಡ್ತಿದಾರೆ,” ಎಂದಳು ವಾಣಿ.

“ನೋಡ್ಲಿ. ಬಾಗಿಲಲ್ಲಿ ಕೋಟ್ ಬಿಚ್ಕೊಟ್ಟಿದೀನಿ, ಕೈ ಬಿಚ್ಕೊಟ್ಟಿಲ್ಲ.”

ಕೊನೆಯವರೆಗೂ ತಟ್ಟಿ, ‘ಭಲೇ’ ಎಂದೇ ಎದ್ದೆ.

ಮರುದಿನ ಎತಿಯೆನ್ ನಮ್ಮಿಬ್ಬರನ್ನೂ ಫೀಕಾಕ್ಕೆ, ಅಂದರೆ ಕಾಫಿ-ಬನ್ನಿಗೆ, ಕರೆದರು. ಜಗಳಕ್ಕೇ ಇರಬೇಕೆಂದು ನಾನು ಪರಂಪರೆ, ಸ್ವಾತಂತ್ರ್ಯ, ಮಾನವ ಹಕ್ಕು ಎಲ್ಲವನ್ನೂ ಹೊಂದಿಸಿಕೊಂಡು ಮೆಟ್ಟಿಲು ಹತ್ತಿದೆ. ಅವರು ಜಗಳವಾಡಲಿಲ್ಲ.

“ನಿನ್ನೆ ಇಡೀ ಹೊತ್ತು ನಿಮ್ಮ ಕೈಯನ್ನೇ ನೋಡುತ್ತಿದ್ದೆ,” ಎಂದರು. “ಒಂದು ಸಲವೂ ತಡವರಿಸಲಿಲ್ಲ. ಅಂದರೆ ತಾಳ ಅಲ್ಲಿ ಇತ್ತು. ನನಗೆ ಕೇಳದ್ದು ನಿಮಗೆ ಕೇಳಿತು. ಮೂವತ್ತು ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಇನ್ನು ಬರೆಯುವುದಿಲ್ಲ.”

ನನಗೆ ಬಹಳ ಸಂಕಟವಾಯಿತು. ಸಭೆಗೆ ಸಭೆಯೇ ಎದ್ದು ಹೋದರೂ ಜಗ್ಗದ ಮನುಷ್ಯ ನನ್ನ ಒಂದು ಕೈಗೆ ಸೋತು ಕೂತಿದ್ದರು. ವಂಶದ ಹಿರಿಯರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದು ಒಂದು ಸುಳ್ಳು ಹೇಳಿದೆ: “ನನಗೆ ತಾಳಜ್ಞಾನವೇ ಇಲ್ಲ. ಸುಮ್ಮನೆ ತಟ್ಟಿದೆ.”

“ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀರಿ.” ಅವರು ಎದ್ದು, ಪಿಯಾನೋ ಮೇಲಿದ್ದ, ಲಯ ತಪ್ಪದೆ ಎಣಿಸುವ ಮೆಟ್ರೊನೋಮ್ ಯಂತ್ರಕ್ಕೆ ಕೀಲಿ ಕೊಟ್ಟರು. ಅದು ಟಕ್ ಟಕ್ ಎನ್ನತೊಡಗಿತು. “ಇದಕ್ಕೆ ತಟ್ಟಿ, ನೋಡೋಣ.”

ಬೇಕೆಂದೇ ತಪ್ಪುವುದೆಂದು ತೀರ್ಮಾನಿಸಿದೆ. ಆದರೂ ಮನೆತನದ ಮರ್ಯಾದೆ ಅಂತ ಒಂದಿದೆಯಲ್ಲ. ಮೊದಲ ಎರಡು ಆವರ್ತ ಅಚ್ಚುಕಟ್ಟಾಗಿ ಹಾಕಿ, ಮೂರನೆಯದರಿಂದ ಮೆಲ್ಲಗೆ ದಾರಿ ತಪ್ಪೋಣ ಎಂದುಕೊಂಡು, ಕಣ್ಣುಮುಚ್ಚಿ, ಸೋದರಮಾವನನ್ನು ನೆನೆದು ತಟ್ಟತೊಡಗಿದೆ.

ಎರಡನೆಯ ಆವರ್ತ ಮುಗಿಯುವ ಮೊದಲೇ ಎತಿಯೆನ್ ನನ್ನನ್ನು ಬಾಚಿ ತಬ್ಬಿಕೊಂಡರು. ಅವರ ಕಣ್ಣು ತುಂಬಿತ್ತು.

“ನಿಜ! ನೀವು ಹೇಳಿದ್ದು ನಿಜ! ಒಂದೇ ಒಂದು ಪೆಟ್ಟೂ ಸೇರಲಿಲ್ಲ!”

ವಾಣಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ತಪ್ಪುವುದನ್ನು ನಾನಿನ್ನೂ ಶುರುವೇ ಮಾಡಿರಲಿಲ್ಲ.