ಹಳದಿ ಆದದ್ದೇ ದಾಖಲೆ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ತಡಸದ ಬೀರಪ್ಪನವರು. ಎಲೆತೋಟದ ಹೊಳೆವ್ವ ಅವರ ಖಾಸಾ ತಂಗಿ. ಆದ್ದರಿಂದ ಇದರಲ್ಲಿ ಸುಳ್ಳು ಸೇರಲು ಜಾಗವಿಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಹಳೆಯ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಸವಣೂರಿನಲ್ಲಿ ದಾಖಲೆ ಶೋಧನ ಕೇಂದ್ರವನ್ನು ತೆರೆಯಲಾಗಿತ್ತು. ಅದರ ಮೊದಲ ನಿಯಮ: ಹುಡುಕಾಟದ ನಂತರ ಪರದೆಯ ಮೇಲೆ ಹಳದಿ ಬಣ್ಣ ಕಾಣದ ಹಾಳೆಗೆ ಸಾಹೇಬರು ಸಹಿ ಮಾಡತಕ್ಕದ್ದಲ್ಲ.

ಹೊಳೆವ್ವನಿಗೆ ಬೇಕಾಗಿದ್ದದ್ದು ಒಂದೇ ಹಾಳೆ. ಅವಳ ತೋಟದ ಕಾಲುದಾರಿಗೆ ಪಕ್ಕದ ಹೊಲದ ಶಂಭುಲಿಂಗ ಮುಳ್ಳುಬೇಲಿ ಬಡಿದಿದ್ದ. "ದಾರಿ ನಿಂದಂತ ಸರ್ಕಾರದ ಕಾಗದ ತೋರ್ಸು ಅಕ್ಕಾ, ಈಗಿಂದೀಗ ತೆಗಿತೇನಿ" ಎಂದಿದ್ದ. ಇತ್ತ ಬಳ್ಳಿಯ ಮೇಲೆ ವೀಳ್ಯದೆಲೆ ಬಲಿತು ನಿಂತಿತ್ತು. ಇನ್ನು ತಡವಾದರೆ ವರ್ಷದ ದುಡಿತವೆಲ್ಲ ಗೊಬ್ಬರ.

ಕೇಂದ್ರದ ಕಾರಕೂನ ವಾದಿರಾಜ ಅವಳ ಮಾವನ ಹೆಸರು ಒತ್ತಿದ. ಕಂಪ್ಯೂಟರು ರೆಪ್ಪೆ ಬಡಿಯುವುದರೊಳಗೆ ಹೆಸರು ಹುಡುಕಿ, ಆಮೇಲೆ ಬಣ್ಣ ಹಚ್ಚಲು ಕುಳಿತಿತು. ಆ ಹೆಸರು ಬರುವ ನಾಲ್ಕೂ ತಾಲೂಕಿನ ಹಾಳೆಗಳನ್ನು ಮೊದಲಿನಿಂದ ಕಡೆಯವರೆಗೆ ಓದಿ, ಎಲ್ಲಕ್ಕೂ ಹಳದಿ ಬಳಿದ ಮೇಲೆಯೇ ಮೊದಲ ಹಾಳೆ ತೋರಿಸುವುದು ಅದರ ಪದ್ಧತಿ. ಸಂಜೆ ಕಚೇರಿ ಮುಚ್ಚಿತು, ಕಂಪ್ಯೂಟರು ಆರಿಸಿದರು, ಹಚ್ಚಿದ ಬಣ್ಣವೂ ಹೋಯಿತು. ಮರುದಿನವೂ ಎಲ್ಲ ನಿಯಮಬದ್ಧವಾಗಿ ಹೀಗೆಯೇ ನಡೆಯಿತು.

"ಸಾಹೇಬ್ರ, ನನಗ ಬೇಕಾದ ಹಾಳಿ ಒಂದಕ್ಕ ಬಣ್ಣ ಹಚ್ಚಿದ್ರ ಸಾಲೂದಿಲ್ಲೇನ್ರಿ?" ಎಂದಳು ಹೊಳೆವ್ವ.

ಮುಖ್ಯಾಧಿಕಾರಿ ರಾಜಕುಮಾರ ಸಾಹೇಬರು ನೊಂದುಕೊಂಡರು. "ಉಳಿದ ಹಾಳಿ ಏನ್ ಪಾಪ ಮಾಡ್ಯಾವ ಯವ್ವಾ? ಸರ್ಕಾರಕ್ಕ ಎಲ್ಲಾರೂ ಒಂದ."

"ಮತ್ತ ನನ್ನ ಎಲಿ?"

"ಎಲಿ ನಮ್ಮ ಖಾತೆಗೆ ಬರೂದಿಲ್ಲ."

ಶುಕ್ರವಾರ ವಾದಿರಾಜ ಮಡಿಯಿಂದ ಬಂದು ಕಂಪ್ಯೂಟರಿಗೆ ಪೂಜೆ ಮಾಡುತ್ತಿದ್ದಾಗ ಕೈ ಜಾರಿ, ಬಟ್ಟಲಿನ ಅರಿಸಿನದ ನೀರು ಪರದೆಯ ತುಂಬ ಹರಿಯಿತು. ಒರೆಸಿದ, ಇನ್ನಷ್ಟು ಹರಡಿತು. ಪರದೆಯಲ್ಲಿ ಯಾವುದೋ ಹಾಳೆ ತೆರೆದಿತ್ತು. ಅದರ ಅಕ್ಷರ ಅಕ್ಷರವೂ ಹಳದಿಯಾಯಿತು.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಎಷ್ಟೊತ್ತು ಹಿಡೀತು?"

"ಚೆಲ್ಲೂದಕ್ಕ ಎಷ್ಟೊತ್ತು ಬೇಕ್ರಿ ಸಾಹೇಬ್ರ. ಆದ್ರ ಈ ಹಾಳ್ಯಾಗ ಅವ್ವಾರ ಮಾವನ ಹೆಸರ ಇಲ್ರಿ."

"ಹಳದಿ ಕಾಣಬೇಕು ಅಂತೈತಿ ನಿಯಮ. ಹೆಸರಿರಬೇಕು ಅಂತ ಎಲ್ಲೈತಿ, ತೋರಿಸು."

ವಾದಿರಾಜ ನಿಯಮದ ಪುಸ್ತಕ ತಿರುವಿ ನೋಡಿದ. ಎಲ್ಲೂ ಇರಲಿಲ್ಲ.

ಮಧ್ಯಾಹ್ನದೊಳಗೆ ಬಾಗಿಲಿಗೆ ಪ್ರಕಟಣೆ ಅಂಟಿತು: "ಬಣ್ಣ ಹಚ್ಚುವ ಕಾರ್ಯವು ಸಂಪೂರ್ಣಗೊಂಡಿರುವುದರಿಂದ ಇನ್ನು ಮುಂದೆ ಹುಡುಕುವ ಅವಶ್ಯಕತೆ ಇರುವುದಿಲ್ಲ. ಅರ್ಜಿದಾರರು ಪರದೆಯ ಮೇಲಿರುವುದನ್ನು ಪಡೆದು ತೃಪ್ತರಾಗತಕ್ಕದ್ದು. ಪರದೆ ಒರೆಸುವುದು ದಂಡನೀಯ."

ಮುದ್ರಣ ಮಾತ್ರ ಕಪ್ಪಾಗಿಯೇ ಬಂದಿತು. ವಾದಿರಾಜ ಉಳಿದ ಅರಿಸಿನವನ್ನು ಹಾಳೆಯ ನಾಲ್ಕೂ ಮೂಲೆಗೆ ಹಚ್ಚಿ, ಸಹಿ ಮಾಡಿಸಿ ಕೊಟ್ಟ. ಶಾಲೆ ಕಲಿತಿದ್ದ ಹೊಳೆವ್ವ ಓದಿದಳು. "ಇದು ಹಿರೇಕೆರೂರಿನ ಇಸ್ಮಾಯಿಲಸಾಬರ ಹತ್ತಿ ಅಂಗಳದ್ದೈತಲ್ರಿ?"

"ಓದಬ್ಯಾಡ್ರಿ ಅವ್ವಾರ. ಓದಿದ್ರ ಸಂಶಯ ಬರತೈತಿ."

ಅವಳು ದೇವರ ಮೇಲೆ ಭಾರ ಹಾಕಿ ಹೊಲಕ್ಕೆ ಹೋದಳು. ಶಂಭುಲಿಂಗ ಅರಿಸಿನ ಕಂಡವನೇ ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ಕಾಗದ ಹಿಡಿದು ಕಣ್ಣಿಗೊತ್ತಿಕೊಂಡ. "ಯಾರ ಲಗ್ನ ಅಕ್ಕಾ?"

"ಲಗ್ನ ಅಲ್ಲೋ, ದಾರಿ ಕಾಗದ."

"ಅರಿಸಿನ ಹಚ್ಚಿದ ಮ್ಯಾಲೆ ಎಲ್ಲಾ ಒಂದ. ಅದಕ್ಕ ಅಡ್ಡ ನಿಂತ್ರ ನನ್ನ ಮನಿಗೆ ಚಲೋ ಆಗೂದಿಲ್ಲ" ಎಂದು ತಾನೇ ಮುಳ್ಳು ಎಳೆದು ಒಗೆದ. ಕಾಗದ ಬಿಡಿಸಿ ಓದುವ ವಿಚಾರ ಅವನಿಗೆ ಬರಲಿಲ್ಲ. ಎಲೆ ಕೊಯ್ದದ್ದೂ ಆಯಿತು, ಪೇಟೆ ಮುಟ್ಟಿದ್ದೂ ಆಯಿತು.

ಕೆಲ ದಿನಗಳ ಮೇಲೆ ಇಸ್ಮಾಯಿಲಸಾಬರು ತಮ್ಮ ಅಂಗಳದ ಕಾಗದ ಕೇಳಿಕೊಂಡು ಕೇಂದ್ರಕ್ಕೆ ಬಂದರು. ಅಷ್ಟರಲ್ಲಿ ಪರದೆಯ ಮೇಲೆ ಬೇರೆ ಹಾಳೆ ತೆರೆದಿದ್ದರಿಂದ ಅವರಿಗೆ ಹಾನಗಲ್ಲಿನ ಕಡೆಯ ಒಂದು ಕೆರೆಯ ಕಾಗದ ಕೊಡಲಾಯಿತು.

"ನನಗ ಕೆರಿ ಯಾಕ್ರಿ ಸಾಹೇಬ್ರ?"

"ಬಣ್ಣ ನೋಡ್ರಿ, ಎಷ್ಟ್ ಚಂದ ಹಿಡಿದೈತಿ."

ಅವರು ಬೆಳಕಿಗೆ ಹಿಡಿದು ನೋಡಿದರು. ಬಣ್ಣ ನಿಜಕ್ಕೂ ಚಂದ ಹಿಡಿದಿತ್ತು. ಮಡಚಿ ಕಿಸೆಯಲ್ಲಿಟ್ಟುಕೊಂಡು ಹಿರೇಕೆರೂರಿನ ಬಸ್ಸು ಹತ್ತಿದರು.

ಈಗ ನಾಲ್ಕೂ ತಾಲೂಕುಗಳಲ್ಲಿ ತಕರಾರುಗಳಿಲ್ಲ. ಕೇಂದ್ರಕ್ಕೆ ಶೀಘ್ರ ಸೇವೆಯ ಪ್ರಶಸ್ತಿ ಬಂದಿದೆ. ಕಚೇರಿಯ ಸಾಮಾನುಗಳ ಪಟ್ಟಿಯಲ್ಲಿ ಮಸಿಯ ಕೆಳಗೆ ಅರಿಸಿನ ಸೇರಿದೆ.

ಕೇಳಿದವರು ಈ ಸಂಗತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಇನ್ನೊಬ್ಬರ ಕಿವಿಗೂ ಹಾಕಿರಿ. ಎಲ್ಲೋ ಯಾರದೋ ದಾರಿ ಮುಚ್ಚಿದ್ದೀತು; ಅರಿಸಿನವಂತೂ ಅವರ ಮನೆಯಲ್ಲಿ ಇದ್ದೇ ಇರುತ್ತದೆ.